ಮಂಜುಗಡ್ಡೆಯ ಮೇಲಿನ ಗೂಡಂಗಡಿಗೆ ನೆಲ

ಕಳೆದ ತಿಂಗಳು ದೋಹಾದ ಅಲ್ ಗರಾಫಾದಲ್ಲಿ ಪರಿಚಯದವರ ಮಗುವಿನ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಅವರ ಕಟ್ಟಡದ ನೆಲಮಹಡಿಯಲ್ಲಿ ಮಕ್ಕಳು ಆಡುವುದಕ್ಕೆಂದು ಒಂದು ಕೋಣೆಯಿದೆ. ಅದಕ್ಕೆ ಆಗಷ್ಟೇ ಕಪ್ಪು ರಬ್ಬರಿನ ಹಾಸು ಹಾಕಿಸಿದ್ದರು. ಬಾಗಿಲು ತೆರೆದದ್ದೇ ತಡ, ಎ.ಸಿ.ಯ ತಣ್ಣನೆಯ ಗಾಳಿಯೊಂದಿಗೆ ಹೊಸ ರಬ್ಬರಿನ ವಾಸನೆ ಮುಖಕ್ಕೆ ಹೊಡೆಯಿತು. ಕೇಕಿನ ತಟ್ಟೆ ನನ್ನ ಕೈಯಲ್ಲೇ ಉಳಿಯಿತು. ಆಚೆ ಹೆಂಗಸರ ನಡುವೆ ಕುಳಿತಿದ್ದ ನನ್ನ ಹೆಂಡತಿ ಶಶಿಕಲಾ ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನತ್ತ ನೋಡಿದಳು. ಆ ವಾಸನೆಯ ಜೊತೆ ನಾವು ಒಂದಿಡೀ ಚಳಿಗಾಲ ಊಟ ಮಾಡಿದ್ದೇವೆ.

ಆಗ ನಾನು ಕಟ್ಟಡಗಳ ಒಳಗಿನ ಕೆಲಸ ಮಾಡಿಕೊಡುವ ಸಣ್ಣದೊಂದು ಕಂಪೆನಿಯಲ್ಲಿ ಸೈಟ್ ಎಂಜಿನಿಯರ್. ಅಲ್ ಸದ್ದ್‌ನಲ್ಲಿ ಬಾಡಿಗೆ ಫ್ಲ್ಯಾಟು. ಒಬ್ಬಳೇ ಮಗಳು ಅನ್ವಿತಾ ಹತ್ತನೆಯ ತರಗತಿಯಲ್ಲಿದ್ದಳು. ಫುಟ್‌ಬಾಲಿನ ದೊಡ್ಡ ಗದ್ದಲ ಮುಗಿದ ಮೇಲೆ ಕತಾರಿನಲ್ಲಿ ನಮ್ಮಂಥವರಿಗೆ ಕೆಲಸ ಕಡಿಮೆಯಾಗುತ್ತ ಬಂದಿತ್ತು. ನವೆಂಬರಿನ ಒಂದು ಬೆಳಿಗ್ಗೆ ಮ್ಯಾನೇಜರ್ ಥಾಮಸ್ ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. ಬಾಗಿಲು ಹಾಕುವ ಮನುಷ್ಯನಲ್ಲ ಅವರು. ಬೈಯುವುದಿದ್ದರೆ ಇಡೀ ಆಫೀಸಿಗೆ ಕೇಳುವಂತೆ ಬೈದು, ಆಮೇಲೆ ಚಹಾ ತರಿಸುವವರು. ಹಾಗಾಗಿ ಬಾಗಿಲು ಮುಚ್ಚಿದಾಗಲೇ ಸಂಗತಿ ಸಣ್ಣದಲ್ಲವೆಂದು ಗೊತ್ತಾಯಿತು.

"ಕೈಯಲ್ಲಿರುವುದು ಇದೊಂದೇ ಕೆಲಸ," ಎಂದರು ತಮ್ಮ ಮಲಯಾಳಿ ಹಿಂದಿಯಲ್ಲಿ. "ಮಾಲೀಕರು ಇದನ್ನು ಒಪ್ಪಿಕೊಂಡರೆ ಮುಂದಿನ ಎರಡು ಹಾಲ್‌ಗಳೂ ನಮಗೇ. ನಿನ್ನ ವೀಸಾ ರಿನ್ಯೂ ಮಾಡಿಸುತ್ತೇನೆ. ಒಪ್ಪದಿದ್ದರೆ ಜನವರಿಗೆ ನಿನ್ನ ಸೆಕ್ಷನ್ನೇ ಖಲಾಸ್."

ಜನವರಿಗೆ ಖಲಾಸ್ ಎಂದರೆ ಏನೆಂದು ಗಲ್ಫಿನಲ್ಲಿ ಸಂಸಾರ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೆಸಿಡೆನ್ಸಿ ರದ್ದಾದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಅನ್ವಿತಾಳ ಬೋರ್ಡ್ ಪರೀಕ್ಷೆ ಇದ್ದದ್ದು ಫೆಬ್ರವರಿಯಲ್ಲಿ. ಹೆಸರು ನೋಂದಾಯಿಸಿದ್ದು ಇಲ್ಲಿನ ಶಾಲೆಯಿಂದ. ಕೊನೇ ಗಳಿಗೆಯಲ್ಲಿ ಊರಿಗೆ ಹೋಗಿ ಅಲ್ಲಿ ಬರೆಯುತ್ತೇನೆ ಎಂದರೆ ಯಾರೂ ಕೇಳುವುದಿಲ್ಲ. ಬೇರೆ ಕಂಪೆನಿಗಳಲ್ಲಿ ವಿಚಾರಿಸಿದೆ, ಎಲ್ಲ ಕಡೆಯೂ "ನೋಡುವ" ಎಂಬ ಉತ್ತರ. ಶಶಿಕಲಾಗೆ ಹೇಳಿದೆ. ಮಗಳಿಗೆ ಮಾತ್ರ ಹೇಳುವುದು ಬೇಡ, ಅವಳ ಓದು ಕೆಡಬಾರದು ಎಂದು ಇಬ್ಬರೂ ಗಟ್ಟಿ ಮಾಡಿಕೊಂಡೆವು. ಮಗಳೊಂದಿಗೆ ನಾವು ಆಡುವುದು ಕನ್ನಡ, ಹಾಗಾಗಿ ಈ ಮಾತು ಬಂದಾಗಲೆಲ್ಲ ಇಬ್ಬರೂ ತುಳುವಿಗೆ ಹೊರಳುತ್ತಿದ್ದೆವು.

ಆ ಕೆಲಸವೋ, ಹೇಳಿದರೆ ನಗುವಂಥದ್ದು. ಅಲ್ ವುಕೈರ್‌ನ ಕಡೆ ಎದ್ದ ಹೊಸ ಮಳಿಗೆ ಸಮುಚ್ಚಯದಲ್ಲಿ ಮಕ್ಕಳಿಗಾಗಿ ಹಿಮದ ಹಾಲ್ ಒಂದು ತಯಾರಾಗುತ್ತಿತ್ತು. ಹೊರಗೆ ಮರಳು, ಒಳಗೆ ಸೊನ್ನೆಗಿಂತ ಕೆಳಗಿನ ಚಳಿ. ಅದರ ಮಾಲೀಕ ಅಬೂ ಖಾಲಿದ್ ಹರೆಯದಲ್ಲಿ ಕೆನಡಾದಲ್ಲಿ ಓದಿದ ಕತಾರಿ. ಅಲ್ಲಿ ಚಳಿಗಾಲಕ್ಕೆ ಕೆರೆಗಳು ಹೆಪ್ಪುಗಟ್ಟುತ್ತವಂತೆ. ಜನ ಅದರ ಮೇಲೆ ಮರದ ಚಿಕ್ಕ ಗೂಡು ಇಟ್ಟು, ಒಳಗೆ ಕುಳಿತು, ಮಂಜುಗಡ್ಡೆಗೆ ತೂತು ಕೊರೆದು, ಗಾಳ ಇಳಿಬಿಟ್ಟು ಮೀನು ಹಿಡಿಯುತ್ತಾರಂತೆ. ಅಂಥದ್ದೇ ಒಂದು ಗೂಡು ತಮ್ಮ ಹಾಲ್‌ನಲ್ಲೂ ಬೇಕೆಂದು ಅವರು ಹಟ ಹಿಡಿದಿದ್ದರು. ಮಂಜುಗಡ್ಡೆಯ ಕೊಳ, ಅದರಲ್ಲೊಂದು ತೂತು, ಕೆಳಗಿನ ತೊಟ್ಟಿಯಲ್ಲಿ ನಿಜವಾದ ಮೀನು, ಮೇಲೆ ಗೂಡು. ನಕ್ಷೆ ನೋಡಿದ ನಮ್ಮ ಬಡಗಿಗಳ ಮೇಸ್ತ್ರಿ ಸಂಗಪ್ಪ, "ಇದೇನ್ರೀ ಸರ, ನಮ್ಮೂರ ಬಸ್‌ಸ್ಟ್ಯಾಂಡಿನ ಬೀಡಾ ಅಂಗಡಿ ಇದ್ದಂಗೈತಿ!" ಎಂದ. ಅಂದಿನಿಂದ ಅದು ನಮಗೆಲ್ಲ ಗೂಡಂಗಡಿಯೇ.

ಗೂಡಂಗಡಿಯ ಗೋಡೆ, ಮಾಡು ಯಾವುದೂ ತಲೆನೋವಾಗಲಿಲ್ಲ. ತಲೆ ತಿಂದದ್ದು ನೆಲ. ಮಕ್ಕಳು ಬೂಟಿನಲ್ಲಿ ಹಿಮ ಮೆತ್ತಿಕೊಂಡು ಒಳಗೆ ಬರುತ್ತಾರೆ, ತೂತಿನಿಂದ ನೀರು ಎರಚಿಕೊಳ್ಳುತ್ತಾರೆ. ಬಿದ್ದ ನೀರು ಅಲ್ಲೇ ಗಡ್ಡೆಯಾಗುತ್ತದೆ. ಅಬೂ ಖಾಲಿದ್ ಮೊದಲ ದಿನವೇ ಬೆರಳೆತ್ತಿ ಹೇಳಿದ್ದರು, "ಉಳಿದದ್ದು ಹೇಗಾದರೂ ಇರಲಿ. ಒಂದು ಮಗು ಜಾರಿ ಬಿದ್ದು ಹಲ್ಲು ಮುರಿದುಕೊಂಡರೆ ಈ ಹಾಲ್‌ಗೆ ಬೀಗ. ನೆಲವನ್ನು ನಾನೇ ಪರೀಕ್ಷೆ ಮಾಡುತ್ತೇನೆ." ಅಲ್ಲಿಗೆ ನನ್ನ ಮಗಳ ಪರೀಕ್ಷೆಗೂ ನನ್ನ ನೆಲದ ಪರೀಕ್ಷೆಗೂ ಗಂಟು ಬಿತ್ತು.

ಗಲ್ಫಿನಲ್ಲಿ ನೆಲವೆಂದರೆ ಟೈಲ್ಸ್. ಅಂಗಡಿಯವರು ಟೈಲ್ಸನ್ನೇ ತೋರಿಸಿದರು, ಜಾರದ ಟೈಲ್ಸ್, ಉರುಟು ಟೈಲ್ಸ್. ಅದರ ಸಂದಿನ ಗಾರೆಗೆ ನೀರಿಳಿದು ಗಡ್ಡೆಯಾದರೆ ಟೈಲ್ಸ್ ಎದ್ದು ನಿಲ್ಲುತ್ತದೆ. ಕಾರ್ಪೆಟ್ಟು ಒದ್ದೆಯಾಗಿ ನೆಲಕ್ಕೇ ಅಂಟಿ ಹಲಗೆಯಾಗುತ್ತದೆ. ಬರೀ ಮರವಾದರೆ ಉಬ್ಬುತ್ತದೆ. ಉಳಿದದ್ದು ವಿನೈಲ್, ಫೋಮ್, ರಬ್ಬರು. ಮಾರುವವರು ಮೂರಕ್ಕೂ ಆಣೆ ಹಾಕುತ್ತಿದ್ದರು. ಹಾಲ್‌ನ ಯಂತ್ರಗಳು ಆಗಿನ್ನೂ ಓಡುತ್ತಿರಲಿಲ್ಲ, ಚಳಿಯಲ್ಲಿ ಇಟ್ಟು ನೋಡೋಣವೆಂದರೆ ಜಾಗವಿಲ್ಲ. ನಾನು ಸ್ಯಾಂಪಲ್ಲುಗಳನ್ನು ಅಂಗೈಯಗಲ ಕತ್ತರಿಸಿ ಮನೆಗೆ ತಂದು ನಮ್ಮ ಫ್ರಿಜ್ಜಿನ ಫ್ರೀಜರಿನಲ್ಲಿಟ್ಟೆ.

"ನಿಮ್ಮ ಚಪ್ಪಲಿ ತುಂಡನ್ನೆಲ್ಲ ಇಲ್ಲಿ ತುಂಬಿಸಿದ್ರೆ ನಾನು ಬಂಗುಡೆ ಎಲ್ಲಿ ಇಡುದು?" ಎಂದಳು ಶಶಿಕಲಾ.

"ಸ್ವಲ್ಪ ದಿನ ಬಂಗುಡೆ ಬೇಡ ಮಾರಾಯ್ತಿ."

"ಬಂಗುಡೆ ಬೇಡ ಅಂತ ನೀವು ಹೇಳುದಾ? ಹಾಗಾದ್ರೆ ವಿಷಯ ಗಂಭೀರವೇ ಉಂಟು," ಎಂದು ಮೀನಿನ ಚೀಲವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ನಗಿಸಲು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ.

ಮರುದಿನ ಸಂಜೆಯಿಂದ ನಮ್ಮ ಅಡುಗೆಮನೆ ಪ್ರಯೋಗಶಾಲೆಯಾಯಿತು. ತುಂಡುಗಳನ್ನು ಒದ್ದೆ ಮಾಡಿ ಇಡುವುದು, ತೆಗೆಯುವುದು, ಮಡಚುವುದು, ಸುತ್ತಿಗೆಯಿಂದ ಬಡಿಯುವುದು. ವಿನೈಲ್ ಹಪ್ಪಳದ ಹಾಗೆ ಲಟಕ್ಕನೆ ಮುರಿಯಿತು. ಫೋಮು ನೀರು ಕುಡಿದು ಕಲ್ಲಾಯಿತು. ರಬ್ಬರು ಮಾತ್ರ ಬಗ್ಗಿತು, ಬಗ್ಗಿದಾಗ ಮೈಮೇಲಿನ ಗಡ್ಡೆಯನ್ನು ಉದುರಿಸಿ ಮತ್ತೆ ನೆಟ್ಟಗಾಯಿತು. ಅದರಲ್ಲೂ ಎಲ್ಲ ರಬ್ಬರೂ ಒಂದಲ್ಲ. ಹಳೆ ಟಯರು ಅರೆದು ಮಾಡಿದ್ದು ಅಂಚಿನಲ್ಲಿ ಪುಡಿ ಬಿಟ್ಟಿತು. ದಪ್ಪದ, ಮೇಲೆ ಗುಬುಟುಗಳಿರುವ ಇನ್ನೊಂದು ಜಾತಿ ಎಷ್ಟು ಹೊಡೆದರೂ ಜಪ್ಪಯ್ಯ ಅನ್ನಲಿಲ್ಲ. ಆದರೆ ಅದರ ನಾತ! ಐಸಿನ ತುಂಡಿಗೆ, ಕೊಬ್ಬರಿಗೆ, ಕಡೆಗೆ ಮೀನಿನ ಸಾರಿಗೂ ರಬ್ಬರಿನ ವಾಸನೆ. ಅನ್ವಿತಾ ಊಟದ ಮೇಜಿನ ಒಂದು ತುದಿಯಲ್ಲಿ ಪುಸ್ತಕ ಹರಡಿಕೊಂಡು ಕುಳಿತಿರುತ್ತಿದ್ದಳು. ಸುತ್ತಿಗೆಯ ಸದ್ದು ಅವಳಿಗೆ ತೊಂದರೆಯಾದೀತೆಂದು ನಾನು ಕೆಳಗೆ ಟವೆಲ್ಲು ಮಡಚಿ ಹಾಕಿ ಬಡಿಯುತ್ತಿದ್ದೆ. ಅವಳು ಒಮ್ಮೆಯೂ ಗೊಣಗಲಿಲ್ಲ. ಇಷ್ಟು ಶ್ರದ್ಧೆಯ ಹುಡುಗಿಗೆ ನಾನು ಏನು ತಂದಿಡುತ್ತಿದ್ದೇನೋ ಎಂದು ಸಂಕಟವಾಗುತ್ತಿತ್ತು.

ರಬ್ಬರು ಎಂದು ತೀರ್ಮಾನವಾದ ಮೇಲೆ ಸಂಗಪ್ಪನ ಜೊತೆ ಜಗಳ ಶುರುವಾಯಿತು. ಅವನು ಬಾಗಲಕೋಟೆಯ ಕಡೆಯವನು, ನನಗಿಂತ ಹಿರಿಯ, ಕತಾರಿಗೆ ನನಗಿಂತ ಮೊದಲು ಬಂದವನು.

"ಒಂದ ಹಾಳಿ ಹಾಸೂಣ್ರಿ ಸರ. ಜೋಡ ಇದ್ದಲ್ಲೆ ನೀರ ಇಳಿತಾವ," ಎಂದ.

"ಎಂತ ಸಂಗಪ್ಪ, ಒಂದೇ ಹಾಳೆಯಾದ್ರೆ ಒಂದು ಮೂಲೆ ಹರಿದ್ರೆ ಇಡೀ ಕಿತ್ತು ಹಾಕಬೇಕಲ್ಲ? ತುಂಡು ತುಂಡಾಗಿ ಕೂಡಿಸುವ. ಹಾಳಾದ್ದನ್ನು ಮಾತ್ರ ತೆಗೀಬಹುದು."

"ತಗಿಯೂದಕ್ಕ ಯಾಕ ಹಾಕೂದ್ರೀ? ಉಳಿಯಾಕ ಹಾಕ್ತೀವಿ."

"ನೀನು ಉತ್ತರದವರ ಹಾಗೆ ಮಾತಾಡ್ಬೇಡ."

"ಮತ್ತ ನಾ ಎಲ್ಲಿಯಾವ್ರೀ?" ಎಂದು ಅವನು ಮೀಸೆಯಡಿ ನಕ್ಕ. ಅವನ ಮಾತಿನಲ್ಲೂ ಹುರುಳಿತ್ತು, ನನ್ನ ಮಾತಿನಲ್ಲೂ ಇತ್ತು. ಎಂಜಿನಿಯರ್ ನಾನಾದ್ದರಿಂದ ತುಂಡುಗಳೇ ಗೆದ್ದವು. ಒಂದಕ್ಕೊಂದು ಹಲ್ಲು ಕಚ್ಚಿಕೊಳ್ಳುವ, ಮಣೆಯಷ್ಟಗಲದ ರಬ್ಬರ್ ಚೌಕಗಳು. ಅದರಡಿಗೆ ನೀರಿಗೆ ಜಗ್ಗದ ಮರೈನ್ ಪ್ಲೈವುಡ್. ಅದರಡಿಗೆ ಪ್ಲಾಸ್ಟಿಕ್ಕಿನ ತೊಲೆಗಳು, ಮೇಲಿನ ದೀಪದ, ಜನರ ಬಿಸಿ ಕೆಳಗಿನ ಮಂಜುಗಡ್ಡೆಗೆ ತಾಗದ ಹಾಗೆ.

ಡಿಸೆಂಬರಿನಲ್ಲಿ ಎಲ್ಲವೂ ತಡವಾಯಿತು. ರಬ್ಬರು ಬಂದಿಳಿಯಬೇಕಿದ್ದ ದಿನ ಮಳೆ ಸುರಿದು ರಸ್ತೆಗಳಲ್ಲಿ ನೀರು ನಿಂತಿತು. ಇಲ್ಲಿ ಮಳೆಯೆಂದರೆ ಹೀಗೆ ಬಂದು ಹಾಗೆ ಹೋಗುವ ನೆಂಟ, ಹೋದ ಮೇಲೂ ಅವನ ಗಲಾಟೆ ಎರಡು ದಿನ ಇರುತ್ತದೆ. ಆಮೇಲೆ ಶಮಾಲ್ ಗಾಳಿ ಬೀಸಿ ಮರಳೆದ್ದಿತು. ಥಾಮಸ್ ದಿನಕ್ಕೆ ಹತ್ತು ಸಲ ಫೋನು ಮಾಡಿ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಿದ್ದರು. ಅಷ್ಟರಲ್ಲಿ ಹಾಲ್‌ನ ಯಂತ್ರಗಳು ಓಡತೊಡಗಿದವು. ವರ್ಷವಿಡೀ ನೆರಳು ಹುಡುಕಿಕೊಂಡು ಓಡುವ ನಾವು ಆ ತಿಂಗಳು ಮಾತ್ರ ಕೈ ಮರಗಟ್ಟಿದಾಗ ಹೊರಗೋಡಿ ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆವು. ನನಗೆ ಬಿಸಿಲಿನಲ್ಲೂ ನಡುಕ ಬಿಡುತ್ತಿರಲಿಲ್ಲ. ಹೆದರಿಕೆಗೆ ಅಷ್ಟು ಚಳಿಯಿರುತ್ತದೆಂದು ನನಗೆ ಅದಕ್ಕೆ ಮೊದಲು ಗೊತ್ತಿರಲಿಲ್ಲ.

ಕೆಲಸ ಮುಗಿದದ್ದು ಹೊಸ ವರ್ಷ ಬಂದ ವಾರದಲ್ಲಿ. ಮರುದಿನ ಹತ್ತು ಗಂಟೆಗೆ ಅಬೂ ಖಾಲಿದ್ ಬರುವುದೆಂದು ನಿಶ್ಚಯವಾಯಿತು. ಆ ಬೆಳಿಗ್ಗೆ ಬೇಗನೆ ಹೋಗಿ ಸಂಗಪ್ಪ, ನಾನು, ಅವನ ಕೈಕೆಳಗಿನ ಇಬ್ಬರು ಬಡಗಿಗಳು ಸೇರಿ ಕಾಯಿ ಒಡೆಯುವುದೆಂದು ಮಾತಾಗಿತ್ತು. ಗಂಟೆಯಿಲ್ಲ, ಮಂತ್ರವಿಲ್ಲ, ಹೊಗೆಯ ಅಲಾರಂ ಕೂಗಿಕೊಂಡೀತೆಂದು ಕರ್ಪೂರವೂ ಇಲ್ಲ. ಯಾರಿಗೂ ತೊಂದರೆಯಾಗದ ಹಾಗೆ ಒಂದು ಕಾಯಿ, ಅಷ್ಟೆ. ಅದೂ ಬೇಡವೆನ್ನುವ ಧೈರ್ಯ ಆ ದಿನ ನನಗಿರಲಿಲ್ಲ. ನಾನು ಕಾಯಿ ಹಿಡಿದು ಬರುವಷ್ಟರಲ್ಲಿ ಸಂಗಪ್ಪ ಮತ್ತವನ ಜನ ಬಕೆಟ್ಟುಗಟ್ಟಲೆ ನೀರು ತಂದು ಗೂಡಂಗಡಿಯ ನೆಲಕ್ಕೆ ಹೊಯ್ದು, ಪೊರಕೆ ಹಿಡಿದು ಗಸಗಸ ತೊಳೆಯುತ್ತಿದ್ದರು. ಪೂಜೆಗೆ ಮೊದಲು ನೆಲ ತೊಳೆಯುವುದು ನಮಗೆ ಉಸಿರಾಡಿದಷ್ಟು ಸಹಜ. ನನಗೂ ಏನೂ ಅನ್ನಿಸಲಿಲ್ಲ. "ಮೂಲೆಗೂ ಸ್ವಲ್ಪ ಹಾಕು," ಎಂದೆ. ಕಾಯಿ ಒಡೆದು, ಅದರ ನೀರನ್ನೂ ಹೊಸ್ತಿಲಿಗೆ ಚಿಮುಕಿಸಿ, ಕೈಮುಗಿದು, ಹೊರಗೆ ಹೋಗಿ ಬಿಸಿಲಿನಲ್ಲಿ ಕರಕ್ ಚಹಾ ಕುಡಿದೆವು.

ಎರಡನೆಯ ಚಹಾ ಅರ್ಧವಾದಾಗ ಸಂಗಪ್ಪನ ಮುಖ ಬದಲಾಯಿತು.

"ಸರ... ಒಳಗ ಎಷ್ಟ ಐತ್ರಿ ಚಳಿ?"

ನಾವು ಓಡಿದ ಓಟ! ಗೂಡಂಗಡಿಯ ಬಾಗಿಲು ತೆರೆಯಲಿಲ್ಲ. ಹೆಗಲು ಕೊಟ್ಟು ನೂಕಿದಾಗ ಕರ್ರೆಂದು ಬಿಟ್ಟುಕೊಂಡಿತು. ಒಳಗೆ ನೆಲದ ತುಂಬ ಗಾಜು ಹೊಯ್ದಂತೆ ಗಡ್ಡೆ ಮಿರುಗುತ್ತಿತ್ತು. ಸಂದುಗಳಲ್ಲಿ ಇಳಿದ ನೀರು ಕೆಳಗೆ ಹೆಪ್ಪುಗಟ್ಟಿ ರಬ್ಬರಿನ ಚೌಕಗಳನ್ನು ಮೇಲಕ್ಕೆತ್ತಿತ್ತು, ನಡುವೆ ಒಂದು ದಿಬ್ಬ. ಒಂದು ಹೆಜ್ಜೆ ಇಟ್ಟವನು ನಾನೇ ಜಾರಿ ಸೊಂಟ ಕುಕ್ಕಿಸಿಕೊಂಡೆ. ಬಿದ್ದಲ್ಲೇ ಕುಳಿತೆ. ಏಳಬೇಕೆನ್ನಿಸಲಿಲ್ಲ. ಫೆಬ್ರವರಿ, ಪರೀಕ್ಷೆ, ಮಗಳು ಎಂದು ತಲೆಯೊಳಗೆ ಮೂರೇ ಶಬ್ದ ಸುತ್ತುತ್ತಿದ್ದವು.

"ಬಿಸಿನೀರ ತರ್ಲ್ಯಾ?" ಎಂದ ಒಬ್ಬ ಬಡಗಿ.

"ಇನ್ನೂ ನೀರಾ!" ಎಂದು ನಾನೂ ಸಂಗಪ್ಪನೂ ಒಟ್ಟಿಗೆ ಕಿರುಚಿದೆವು.

ಉಪ್ಪು ಹಾಕಿದರೆ ಕೆಳಗಿನ ಕೊಳದ ಮೀನಿಗೆ ಕುತ್ತು. ಹೀಟರ್ ಇಟ್ಟರೆ ಕೊಳವೇ ಕರಗೀತು. ಸಂಗಪ್ಪ ಮೊಣಕಾಲೂರಿ ಅಂಚಿನ ಚೌಕವೊಂದರ ಅಡಿಗೆ ಉಳಿ ತೂರಿಸಿ ಎತ್ತಿದ. ಅದು ಕೈಗೆ ಬಂತು. ನಾನು ಅದನ್ನು ಕಸಿದುಕೊಂಡು, ಅಡುಗೆಮನೆಯಲ್ಲಿ ಎಷ್ಟೋ ಸಲ ಮಾಡಿದ ಹಾಗೆ, ಎರಡೂ ಕೈಯಿಂದ ಬಗ್ಗಿಸಿದೆ. ಗಡ್ಡೆ ಚಟಚಟನೆ ಒಡೆದು ಉದುರಿತು. ಚೌಕ ಮತ್ತೆ ಹೊಸದಾಯಿತು. ನಾಲ್ವರೂ ಶುರು ಮಾಡಿದೆವು. ಒಬ್ಬ ಎತ್ತುವುದು, ಒಬ್ಬ ಬಗ್ಗಿಸುವುದು, ಒಬ್ಬ ಪ್ಲೈವುಡ್ಡಿನ ಮೇಲಿನ ಗಡ್ಡೆ ಕೆರೆಯುವುದು, ಒಬ್ಬ ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಕೂಡಿಸುವುದು. ಬೆರಳುಗಳು ಮರಗಟ್ಟಿದವು. ಸಂಗಪ್ಪನ ಉಗುರಿನಡಿಯಿಂದ ರಕ್ತ ಬರುತ್ತಿದ್ದುದು ಅವನಿಗೇ ತಿಳಿದಿರಲಿಲ್ಲ.

"ಒಂದ ಹಾಳಿ ಇದ್ರ ನೀರ ಇಳೀತಿದ್ದಿಲ್ಲ ನೋಡ್ರಿ," ಎಂದ ಹಲ್ಲು ಕಡಿಯುತ್ತ.

"ಒಂದೇ ಹಾಳೆ ಇದ್ದಿದ್ರೆ ಈಗ ಇದನ್ನು ಎತ್ತುವುದು ಹೇಗೆ? ಮಾತು ಬೇಡ, ಎತ್ತು."

ದಿಬ್ಬ ಇಳಿಯಿತು. ಬಾಗಿಲು ಸರಾಗವಾಯಿತು. ಹಿಂದಿನ ಮೂಲೆಯ ಎರಡು ಚೌಕಗಳು ಮಾತ್ರ ಉಳಿದಿದ್ದವು. ಅಷ್ಟರಲ್ಲಿ ಹಾಲ್‌ನ ದೊಡ್ಡ ಬಾಗಿಲು ತೆರೆದು ಥಾಮಸ್‌ರ ದನಿ ಕೇಳಿಸಿತು. ಅವರ ಜೊತೆ ಉದ್ದನೆಯ ಬಿಳಿ ನಿಲುವಂಗಿ, ತೋಬಿನ ಮೇಲೆ ದಪ್ಪ ಕೋಟು ಹಾಕಿದ ಅಬೂ ಖಾಲಿದ್.

ಅವರು ಒಳಗೆ ಬಂದು ಬೂಟಿನಿಂದ ನೆಲವನ್ನು ಒತ್ತಿ ನೋಡಿದರು. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ತೆರೆದು ತೂತಿನ ಸುತ್ತ ನಿಧಾನವಾಗಿ ಹೊಯ್ದರು. "ಹತ್ತು ನಿಮಿಷ ಕಾಯೋಣ," ಎಂದು ಇಂಗ್ಲಿಷಿನಲ್ಲಿ ಹೇಳಿ, ಮರದ ಸ್ಟೂಲನ್ನು ಎಳೆದುಕೊಂಡು ನೇರ ಹಿಂದಿನ ಮೂಲೆಗೇ ಹೋಗಿ ಕುಳಿತರು. ಬೇರೆ ಎಷ್ಟು ಜಾಗವಿತ್ತು! ಸ್ಟೂಲಿನ ಕಾಲು ಊರಿದಾಗ ಅಡಿಯಿಂದ ಚಟ್ ಎಂದಿತು. ಮತ್ತೊಮ್ಮೆ ಚಟ್ ಚಟ್. ಅವರು ತಲೆಯೆತ್ತಿದರು.

"ಇದೇನು ಶಬ್ದ?"

ಥಾಮಸ್ ನನ್ನನ್ನು ನುಂಗುವಂತೆ ನೋಡಿದರು. ಸುಳ್ಳು ಹೇಳಬಹುದಿತ್ತು, ಕೊಳದ ಸದ್ದು ಎನ್ನಬಹುದಿತ್ತು. ಆದರೆ ನಾಳೆ ಆ ಮೂಲೆಯಲ್ಲಿ ಕುಳಿತುಕೊಳ್ಳುವುದು ಯಾರದೋ ಮಗು.

"ಅಡಿಯಲ್ಲಿ ಗಡ್ಡೆಯಿದೆ ಸರ್. ಬೆಳಿಗ್ಗೆ ನಾವು ನೆಲ ತೊಳೆದೆವು. ಹೊಸ ಜಾಗವನ್ನು ತೊಳೆಯದೆ ಒಪ್ಪಿಸುವ ಅಭ್ಯಾಸ ನಮ್ಮಲ್ಲಿಲ್ಲ. ಉಳಿದದ್ದನ್ನೆಲ್ಲ ತೆಗೆದೆವು. ಈ ಎರಡು ಬಾಕಿ ಇವೆ."

"ಹಿಮದ ಹಾಲ್‌ನಲ್ಲಿ ನೆಲ ತೊಳೆದಿರಾ?"

"ಹೌದು ಸರ್."

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಆ ಹೊತ್ತಿನಲ್ಲಿ ನಾನು ಮನಸ್ಸಿನಲ್ಲೇ ಊರಿಗೆ ಟಿಕೆಟು ಮಾಡಿಸಿ, ಸಾಮಾನು ಕಟ್ಟಿ ಆಗಿತ್ತು. "ನನ್ನ ತಾಯಿಯೂ ಹೀಗೆಯೇ," ಎಂದರು ಕಡೆಗೆ. "ಮರಳು ಬಿರುಗಾಳಿ ಬೀಸುತ್ತಿರುವಾಗಲೇ ಅಂಗಳ ತೊಳೆಯುತ್ತಾರೆ." ಎದ್ದು ಸ್ಟೂಲನ್ನು ಸರಿಸಿ, "ಈಗ ತೆಗೆಯಿರಿ, ನೋಡುತ್ತೇನೆ," ಎಂದರು.

ಸಂಗಪ್ಪ ಎತ್ತಿದ, ನಾನು ಬಗ್ಗಿಸಿದೆ, ಗಡ್ಡೆ ಉದುರಿತು, ಕೆರೆದೆವು, ಒರೆಸಿದೆವು, ಕೂಡಿಸಿದೆವು. ಅಬೂ ಖಾಲಿದ್ ಬಾಗಿ ತಾವೇ ಒಂದು ಚೌಕ ಕಿತ್ತು, ಬಗ್ಗಿಸಿ, ಮತ್ತೆ ಕೂಡಿಸಿ ನೋಡಿದರು. "ಇದನ್ನು ನನ್ನ ಹುಡುಗರೂ ಮಾಡಬಹುದು," ಎಂದರು. ಆಮೇಲೆ ತೂತಿನ ಬಳಿ ಹೋಗಿ, ತಾವು ಹೊಯ್ದ ನೀರು ಗಟ್ಟಿಯಾಗಿದ್ದ ಕಡೆ ಬೂಟನ್ನು ಜೋರಾಗಿ ಉಜ್ಜಿದರು. ನೀರು ಗುಬುಟುಗಳ ನಡುವಿನ ತಗ್ಗಿನಲ್ಲಿ ಹೆಪ್ಪುಗಟ್ಟಿತ್ತು, ಗುಬುಟುಗಳ ತಲೆ ಒಣಗಿತ್ತು. ಬೂಟು ಜಾರಲಿಲ್ಲ. ಇನ್ನೊಮ್ಮೆ ಉಜ್ಜಿದರು. ಜಾರಲಿಲ್ಲ. "ತಮಾಮ್," ಎಂದು ಒಪ್ಪಿ ಥಾಮಸ್‌ರ ಕೈ ಕುಲುಕಿದರು.

ಅವರು ಹೋದ ಮೇಲೆ ಸಂಗಪ್ಪ ಹೊರಗೆ ಬಿಸಿಲಿಗೆ ಬಂದು ಗೋಡೆಗೊರಗಿ ಕುಳಿತು, ರುಮಾಲಿನಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲು ಕುಲುಕುತ್ತಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಎಂದು ನಾನು ಕೇಳಲಿಲ್ಲ. ನನಗೂ ಅದೇ ಅವಸ್ಥೆ. ಥಾಮಸ್ ಬಂದು ಹೆಗಲು ತಟ್ಟಿ, "ಪಾಸ್‌ಪೋರ್ಟಿನ ಕಾಪಿ ನಾಳೆ ತಾ, ರಿನ್ಯೂಗೆ ಹಾಕೋಣ," ಎಂದರು.

ಮನೆಗೆ ಹೋಗುವಾಗ ಸಂಜೆಯಾಗಿರಲಿಲ್ಲ. ಶಶಿಕಲಾ ಬಾಗಿಲಲ್ಲೇ ನನ್ನ ಮುಖ ನೋಡಿ ವಿಷಯ ತಿಳಿದುಕೊಂಡು, ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಳು. ಅನ್ವಿತಾ ಮೇಜಿನ ತುದಿಯಲ್ಲಿ ಎಂದಿನಂತೆ ಪುಸ್ತಕದ ಮುಂದೆ ಕುಳಿತಿದ್ದಳು. ಏನೋ ಸಣ್ಣ ಸಂಗತಿ ಎಂಬಂತೆ ನಾನು, "ಅನ್ವೀ, ಪಪ್ಪನ ವೀಸಾ ರಿನ್ಯೂ ಆಗ್ತದೆ," ಎಂದೆ.

ಅವಳು ತಟ್ಟನೆ ತಿರುಗಿದಳು. "ಹಾಗಾದ್ರೆ ನಾವು ಹೋಗಲ್ವಾ?"

"ಎಲ್ಲಿಗೆ?"

"ಊರಿಗೆ. ಪರ್ಮನೆಂಟ್ ಆಗಿ."

ಶಶಿಕಲಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ನಿಂಗೆ ಯಾರು ಹೇಳಿದ್ದು?"

"ನೀವೇ. ಡೈಲಿ ಕಿಚನ್ನಲ್ಲಿ ಹೇಳ್ತಾ ಇದ್ರಲ್ಲ. ನೀವು ತುಳುವಲ್ಲಿ ಮಾತಾಡಿದ್ರೆ ನಂಗೆ ಅರ್ಥ ಆಗಲ್ಲ ಅಂತ ಅಂದ್ಕೊಂಡಿದ್ರಾ?"

ಹೌದು, ಹಾಗೆಯೇ ಅಂದುಕೊಂಡಿದ್ದೆವು. ಅವಳು ನವೆಂಬರಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾವು ಟಿ.ವಿ. ಹಾಕದೆ, ನೆಂಟರನ್ನು ಕರೆಯದೆ, ಚಪ್ಪಲಿ ಸದ್ದಾಗದ ಹಾಗೆ ಓಡಾಡಿ ಕಾಪಾಡಿಕೊಂಡು ಬಂದ ಅವಳ ಓದಿನ ಕಡೆ ಮೊದಲ ಸಲ ಸರಿಯಾಗಿ ನೋಡಿದೆ. ಬದಿಯಲ್ಲಿದ್ದ ನೋಟುಪುಸ್ತಕ ಖಾಲಿಯಿತ್ತು.

"ಎಕ್ಸಾಮೇ ಇಲ್ಲ ಅಂದ್ಮೇಲೆ ಓದಿ ಎಂತ ಮಾಡೋದು ಅಂತ ಸುಮ್ನೆ ಕೂತ್ಕೊಳ್ತಿದ್ದೆ ಪಪ್ಪ," ಎಂದಳು. "ನೀವು ಬೇಜಾರು ಮಾಡ್ಕೋಬಾರ್ದು ಅಂತ ಪುಸ್ತಕ ಓಪನ್ ಇಡ್ತಿದ್ದೆ."

ಶಶಿಕಲಾ ಹತ್ತಿರ ಬಂದು ಅವಳ ತಲೆಯ ಮೇಲೆ ಕೈಯಿಟ್ಟಳು. ಅನ್ವಿತಾ ಕಣ್ಣೊರೆಸಿಕೊಂಡು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಗಣಿತದ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಮಗುಚುತ್ತ ಹೋಗಿ, ಮೊದಲನೆಯ ಪಾಠ ತೆಗೆದಳು.